ಕೊಡ ಹೊತ್ತವಳು ಕೊಡ ಬರೆದಾಗ

ಹೀಗೊಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಬನಹಟ್ಟಿಯ ಒಂದು ನೇಕಾರರ ಓಣಿ. ಮಗ್ಗದ ಸದ್ದು ಆಗಷ್ಟೇ ನಿಂತಿದೆ. ಹತ್ತನೇ ಇಯತ್ತೆ ಓದುವ ಮಗಳು ಡ್ರಾಯಿಂಗ್ ಹಾಳೆಯೊಂದನ್ನು ತಂದು ಅಪ್ಪನ ಮುಂದೆ ಹಿಡಿಯುತ್ತಾಳೆ. ಹಾಳೆಯ ತುಂಬ ಒಂದು ದೊಡ್ಡ ದುಂಡು ಗೆರೆ. ಅದು ಪೂರ್ತಿ ಕೂಡಿಲ್ಲ, ಒಂದು ಕಡೆ ಬಾಯಿ ತೆರೆದುಕೊಂಡಿದೆ. ಅದರ ಕೆಳಗೆ ಸುರುಳಿ ಸುತ್ತಿದ ಇನ್ನೊಂದು ಗೆರೆ. ನಟ್ಟ ನಡುವೆ ಒಂದು ಕೆಂಪು ಚುಕ್ಕೆ. ಅಷ್ಟೇ.

“ಏನವಾ ಇದು?”

“ಯಲ್ಲವ್ವ, ಅಪ್ಪಾ.”

“ಯಲ್ಲವ್ವ ಅಂತಿ, ಮಾರೀನ ಇಲ್ಲಲ್ಲ!”

“ನಮ್ಮ ಜಗಲಿ ಮ್ಯಾಲಿನ ಕೊಡಕ್ಕ ಎಲ್ಲೈತಿ ಮಾರಿ?”

ಅಪ್ಪನಿಗೆ ಉತ್ತರ ಹೊಳೆಯುವುದಿಲ್ಲ. ಜಗಲಿಯ ಕಡೆ ನೋಡುತ್ತಾನೆ. ಅಲ್ಲಿರುವುದು ತಾಮ್ರದ ಕೊಡ, ಅದರ ಬಾಯಿಗೆ ಬೇವಿನ ತಪ್ಪಲು, ಮೈಗೆ ಅರಿಷಿಣ-ಕುಂಕುಮ. ಅವನ ಅವ್ವ, ಅವಳ ಅವ್ವ ಎಲ್ಲರೂ ಕೈಮುಗಿದದ್ದು ಇದೇ ಮುಖವಿಲ್ಲದ ಕೊಡಕ್ಕೆ.

ಈ ಅಪ್ಪ-ಮಗಳು ಕಲ್ಪನೆಯವರು. ಅವರ ನಡುವಿನ ಪ್ರಶ್ನೆ ಮಾತ್ರ ಕಲ್ಪನೆಯದಲ್ಲ. ಚಿತ್ರಕಲೆಯನ್ನು ಗಂಭೀರವಾಗಿ ಹಿಡಿಯುವ ಮಕ್ಕಳು ಇಂದಲ್ಲ ನಾಳೆ ಇಂಥ ಗೆರೆಗಳತ್ತ ಹೊರಳುತ್ತಾರೆ. ಆಗ ಮನೆಯಲ್ಲಿ ಎರಡು ಆಕ್ಷೇಪಣೆಗಳು ಏಳುತ್ತವೆ. ಒಂದು, ಇದು ತಿಳಿಯುವುದಿಲ್ಲ, ಪರದೇಶದವರ ಹುಚ್ಚು. ಇನ್ನೊಂದು, ದೇವರ ವಿಷಯದಲ್ಲಿ ಹೀಗೆಲ್ಲ ಮಾಡುವುದು ಸರಿಯಲ್ಲ. ಎರಡಕ್ಕೂ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಅದನ್ನು ಹುಡುಕಿ ಬಹಳ ದೂರ ಹೋಗಬೇಕಿಲ್ಲ.

ಮನೆಯೊಳಗಿನ ಅಮೂರ್ತ

‘ಅಮೂರ್ತ’ ಎಂಬ ಶಬ್ದ ಕೇಳಿ ಹೆದರಬೇಕಾಗಿಲ್ಲ. ಕಣ್ಣಿಗೆ ಕಂಡ ವಸ್ತುವಿನ ರೂಪವನ್ನು ಇದ್ದಕ್ಕಿದ್ದಂತೆ ಬರೆಯದೆ, ಅದರ ಸಾರವನ್ನು ಗೆರೆ, ಆಕಾರ, ಬಣ್ಣಗಳಲ್ಲಿ ಹಿಡಿಯುವುದೇ ಅಮೂರ್ತ ಕಲೆ. ಈ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಆಷಾಢದ ಮಂಗಳವಾರಗಳು ಬಂದರೆ ಹುಡುಗಿಯರು ಎರೆಮಣ್ಣು ತಂದು ಗುಳ್ಳವ್ವನನ್ನು ಮಾಡುತ್ತಾರೆ. ಮಣ್ಣನ್ನು ಮಿದ್ದಿ, ಒತ್ತಿ, ಗುಲಗಂಜಿ ಅಂಟಿಸಿ ಅಲಂಕರಿಸಿದರೆ ಅದೇ ದೇವಿ. ಅದಕ್ಕೆ ತಿದ್ದಿ ತೀಡಿದ ಮೂಗು-ಬಾಯಿ ಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಹೊಲದಲ್ಲಿ ಚರಗ ಚೆಲ್ಲುವ ದಿನ ಐದು ಕಲ್ಲಿಟ್ಟು ಸುಣ್ಣ ಹಚ್ಚಿದರೆ ಅವರೇ ಪಾಂಡವರು. ಅಂಗಳದ ರಂಗೋಲಿ ಚುಕ್ಕೆಗಳ ಲೆಕ್ಕದ ಮೇಲೆ ನಿಂತ ಚಿತ್ರ.

ಕಸೂತಿಯನ್ನೇ ನೋಡಿ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಅದರಲ್ಲಿ ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಹಾಕುವ ಈ ಹೊಲಿಗೆಗಳಲ್ಲಿ ತುಳಸಿಕಟ್ಟೆ, ಗೋಪುರ, ತೇರು, ಆನೆ ಎಲ್ಲವೂ ಮೂಡುತ್ತವೆ. ಆದರೆ ಅವೆಲ್ಲ ನೆಟ್ಟಗಿನ ಮತ್ತು ಓರೆಯ ಚಿಕ್ಕ ಗೆರೆಗಳು. ಕಸೂತಿಯ ಆನೆ ಕಾಡಿನ ಆನೆಯಂತೆ ಕಾಣುವುದಿಲ್ಲ, ಆದರೂ ಅದು ಆನೆಯೇ ಎಂದು ಚಿಕ್ಕ ಮಗುವೂ ಹೇಳುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲಿನ ಬಿಳಿ ವಿನ್ಯಾಸಗಳೂ ಹೀಗೆಯೇ. ಒಂದು ಜೋಳದ ತೆನೆ, ಒಂದು ಹಣಿಗೆ, ಒಂದು ಕೋಟೆಯ ತೆನೆಗೋಡೆ. ತೆನೆಯನ್ನು ಮೂಲೆ-ಮೂಲೆಯ ಆಕಾರವಾಗಿ ಮಾಡಿದ ನೇಕಾರನಿಗೆ ಅಮೂರ್ತ ಕಲೆ ಎಂದರೇನೆಂದು ಯಾರೂ ಪಾಠ ಹೇಳಿರಲಿಲ್ಲ. ಮಗ್ಗದ ಹಾಸು-ಹೊಕ್ಕುಗಳೇ ಆ ಪಾಠ ಹೇಳಿದ್ದವು.

ಬಾದಾಮಿಯ ಕಮಲಮುಖಿ

ಮನೆಯ ಕೊಡದಿಂದ ಈಗ ನಮ್ಮ ಜಿಲ್ಲೆಯದೇ ಒಂದು ಕಲ್ಲಿನತ್ತ ಹೋಗೋಣ. ಬಾದಾಮಿಯಲ್ಲಿ ಭೂತನಾಥನ ಕೆರೆಯ ಹತ್ತಿರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿ ನಾಗನಾಥಕೊಳ್ಳದಿಂದ ತಂದಿರಿಸಿದ ಒಂದು ಶಿಲ್ಪವಿದೆ. ಚಾಲುಕ್ಯರ ಕಾಲದ್ದು, ಸುಮಾರು 7ನೇ ಶತಮಾನದ್ದು. ಲಜ್ಜಾಗೌರಿ ಎಂದು ಅದರ ಹೆಸರು. ಹೆರಿಗೆಯ ಭಂಗಿಯಲ್ಲಿ ಕಾಲು ಮಡಿಚಿದ ಹೆಣ್ಣಿನ ಮೈ, ಮೇಲೆತ್ತಿದ ಕೈಗಳಲ್ಲಿ ಕಮಲದ ಮೊಗ್ಗು. ಮುಖ ಇರಬೇಕಾದ ಜಾಗದಲ್ಲಿ ಮುಖವಿಲ್ಲ, ಅರಳಿದ ಒಂದು ಕಮಲವಿದೆ. ಐಹೊಳೆಯ ಬಳಿಯ ಸಿದ್ಧನಕೊಳ್ಳದಲ್ಲಿಯೂ ಇಂಥದೇ ಮೂರ್ತಿಯಿದ್ದು, ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿ ಪೂಜೆ ಸಲ್ಲಿಸುತ್ತಾರೆ.

ಶಿಲ್ಪಿಗೆ ಮುಖ ಕಡೆಯಲು ಬರುತ್ತಿರಲಿಲ್ಲವೇ? ಮೈಯ ನುಣುಪು, ಆಭರಣಗಳ ಕುಸುರಿ ನೋಡಿದವರು ಹಾಗೆ ಹೇಳಲಾರರು. ಅವನು ಬೇಕೆಂದೇ ಮುಖದ ಜಾಗದಲ್ಲಿ ಹೂವನ್ನಿಟ್ಟ. ಮುಖವಿದ್ದರೆ ಅವಳು ಯಾರೋ ಒಬ್ಬ ಹೆಣ್ಣಾಗುತ್ತಾಳೆ. ಕಮಲವಿದ್ದರೆ ಹುಟ್ಟು ಎಂಬುದೇ ಅವಳಾಗುತ್ತಾಳೆ.

ಕ್ಯಾರಲ್ ರ‍್ಯಾಡ್‌ಕ್ಲಿಫ್ ಬೋಲನ್ ಎಂಬ ಕಲಾ ಇತಿಹಾಸಕಾರ್ತಿ 1992ರಲ್ಲಿ ಲಜ್ಜಾಗೌರಿಯ ಮೇಲೆಯೇ ಒಂದು ಗ್ರಂಥ ಬರೆದರು. ಈ ದೇವಿಯ ಮೂರ್ತಿಗಳು ಒಂದೇ ತೆರನಾಗಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಕೆಲವು ಚಿಕ್ಕ ಫಲಕಗಳಲ್ಲಿ ಕೈಗಳೇ ಇಲ್ಲ. ಕೆಲವೆಡೆ ಮೈ ಎಂದರೆ ಬರೀ ತುಂಬಿದ ಕೊಡ, ಕೊಡದ ಬಾಯಿಂದ ಮೇಲೆದ್ದ ಕಮಲ. ಮರಾಠಿ ವಿದ್ವಾಂಸ ರಾ.ಚಿಂ. ಢೇರೆಯವರು ‘ಲಜ್ಜಾಗೌರಿ’ ಎಂಬ ತಮ್ಮ ಕೃತಿಯಲ್ಲಿ ಇದೇ ಎಳೆಯನ್ನು ಹಿಡಿದು ರೇಣುಕೆ-ಯಲ್ಲಮ್ಮನ ಪರಂಪರೆಯವರೆಗೂ ಹೋಗಿದ್ದಾರೆ. ಅಂದಮೇಲೆ ಜಗಲಿಯ ಮೇಲಿನ ಕೊಡ, ಕಲ್ಲಿನಲ್ಲಿ ಕಡೆದ ಕೊಡ, ಡ್ರಾಯಿಂಗ್ ಹಾಳೆಯ ಮೇಲಿನ ದುಂಡು ಗೆರೆ ಇವು ಒಂದಕ್ಕೊಂದು ನೆಂಟರೇ ಆದವು.

ಕ್ಯಾಲೆಂಡರಿನ ಮುಖ

ಹಾಗಾದರೆ ದೇವಿ ಎಂದಕೂಡಲೇ ನಮ್ಮ ಕಣ್ಣ ಮುಂದೆ ಬರುವ ದುಂಡು ಮುಖ, ಜರಿಸೀರೆ, ಕಮಲದ ಮೇಲೆ ನಿಂತ ಭಂಗಿ ಎಲ್ಲಿಯವು? ಗುಡಿಗಳ ಶಿಲ್ಪದಲ್ಲಿ ಮುಖವುಳ್ಳ ದೇವಿಯರು ಹಿಂದಿನಿಂದಲೂ ಇದ್ದಾರೆ. ಐಹೊಳೆಯ ದುರ್ಗಗುಡಿಯ ಮಹಿಷಮರ್ದಿನಿಯನ್ನು ನೋಡಿದರೆ ಸಾಕು. ಆದರೆ ಮನೆಮನೆಯ ಗೋಡೆಗೆ ಬಂದ ಮುಖ ಹೊಸದು. ರಾಜಾ ರವಿವರ್ಮ (1848-1906) ಮುಂಬಯಿಯಲ್ಲಿ 1894ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಅಗ್ಗದ ಬೆಲೆಗೆ ಊರೂರಿಗೆ ಹರಡಿದವು. ಅನಂತರ ಕ್ಯಾಲೆಂಡರು, ಬೆಂಕಿಪೊಟ್ಟಣ, ಸಿನಿಮಾ ಎಲ್ಲವೂ ಅದೇ ಮುಖವನ್ನು ನಕಲು ಮಾಡಿದವು.

ಇದರಿಂದ ಒಂದು ಒಳ್ಳೆಯದಾಯಿತು. ಗುಡಿಯೊಳಗೆ ಪ್ರವೇಶವಿಲ್ಲದವರ ಮನೆಗೂ ದೇವಿ ಬಂದಳು. ಜೊತೆಗೆ ಒಂದು ನಷ್ಟವೂ ಆಯಿತು. ಸುಮಾರು 130 ವರ್ಷಗಳ ಈ ಮುಖವೇ ಸನಾತನವೆಂದು ನಾವು ನಂಬಿಬಿಟ್ಟೆವು. ಸಾವಿರಾರು ವರ್ಷಗಳ ಕೊಡ, ಚುಕ್ಕೆ, ತ್ರಿಕೋನಗಳು ನಮಗೇ ಅಪರಿಚಿತವಾದವು.

ತ್ರಿಕೋನದ ಮಾತು ಬಂದದ್ದರಿಂದ ಶ್ರೀಚಕ್ರವನ್ನು ನೆನೆಯಬೇಕು. ಅದರಲ್ಲಿ ಒಂಬತ್ತು ದೊಡ್ಡ ತ್ರಿಕೋನಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಮೇಲ್ಮುಖವಾದ ನಾಲ್ಕು ಶಿವನವು, ಕೆಳಮುಖವಾದ ಐದು ಶಕ್ತಿಯವು. ಅವು ಒಂದನ್ನೊಂದು ಕತ್ತರಿಸಿ 43 ಚಿಕ್ಕ ತ್ರಿಕೋನಗಳಾಗುತ್ತವೆ. ಎಲ್ಲದರ ನಡುವೆ ಬಿಂದು. ದೇವಿಯ ಇಡೀ ಲೋಕ ಒಂದು ಭೂಮಿತಿಯ ಚಿತ್ರ! ಗಣಿತದ ವಿದ್ಯಾರ್ಥಿಗಳು ಕೈವಾರ, ಅಳತೆಪಟ್ಟಿ ಹಿಡಿದು ಅದನ್ನು ಬರೆಯಲು ಒಮ್ಮೆ ಯತ್ನಿಸಲಿ. ಆ ಗೆರೆಗಳು ಸರಿಯಾಗಿ ಕೂಡುವಂತೆ ಮಾಡುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ. ಇದೇ ತ್ರಿಕೋನ-ಬಿಂದುಗಳನ್ನು 20ನೇ ಶತಮಾನದಲ್ಲಿ ಕಾಶ್ಮೀರದ ಜಿ.ಆರ್. ಸಂತೋಷ್, ಮಧ್ಯಪ್ರದೇಶದ ಎಸ್.ಎಚ್. ರಜಾ ಅವರಂಥ ಕಲಾವಿದರು ಕ್ಯಾನ್ವಾಸಿಗೆ ತಂದರು. ಹುಡುಗಾಟದ ಹುಡುಗ ರಜಾನ ಮನಸ್ಸು ನಿಲ್ಲಲೆಂದು ಹಳ್ಳಿಯ ಶಾಲೆಯ ಮಾಸ್ತರರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡು ಎಂದಿದ್ದರಂತೆ. ಆ ಚುಕ್ಕೆ ಮುಂದೆ ಪ್ಯಾರಿಸ್‌ವರೆಗೂ ಅವರ ಜೊತೆ ಹೋಯಿತು.

ನೂಲು, ಕುಂಕುಮ, ಹಗ್ಗ

ಬಾದಾಮಿಯ ಇನ್ನೊಂದು ಎಳೆ ಬೆಂಗಳೂರಿಗೆ ಹೋಗುತ್ತದೆ. ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದ್ ಅವರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಅಲ್ಲಿ ಕಲಿತವರಲ್ಲಿ ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಒಬ್ಬರು. ಮುಂದೆ ಅವರು ಶಾಂತಿನಿಕೇತನದಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಮೊದಲು ಬಣ್ಣದ ಚಿತ್ರ ಬರೆಯುತ್ತಿದ್ದ ಅವರು 1990ರ ದಶಕದಲ್ಲಿ ಸೆಗಣಿ, ನೂಲು, ಕುಂಕುಮಗಳಂಥ ಮನೆಬಳಕೆಯ ವಸ್ತುಗಳಿಗೆ ಕೈಹಾಕಿದರು.

‘ಅವನಿಗೆ ನನ್ನ ನೋವು ಹೇಳು’ ಎಂಬ ಅರ್ಥದ ಹೆಸರಿನ ಅವರ ಕೃತಿಯೊಂದು 1998ರಲ್ಲಿ ಬಂತು. ಸೂಜಿಗಳಿಗೆ ಉದ್ದುದ್ದ ನೂಲು ಪೋಣಿಸಿ, ಆ ನೂಲುಗಳನ್ನೆಲ್ಲ ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟು ಸವರಿ ಕೆಂಪು ಹಗ್ಗಗಳನ್ನಾಗಿ ಮಾಡಿದರು. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ಜೋತಾಡುತ್ತದೆ. ಆ ಹಗ್ಗ ಗೋಡೆ, ನೆಲಗಳ ಮೇಲೆ ಸುರುಳಿಯಾಗಿ ಹರಿಯುತ್ತದೆ. ಕಾಗದವಿಲ್ಲದೆ, ಪೆನ್ಸಿಲ್ಲಿಲ್ಲದೆ ಕೋಣೆಯ ಗಾಳಿಯಲ್ಲೇ ಬರೆದ ರೇಖಾಚಿತ್ರ ಅದು. ಅದರಲ್ಲಿ ದೇವಿಯೂ ಇಲ್ಲ, ಹೆಣ್ಣೂ ಇಲ್ಲ. ಆದರೆ ಕುಂಕುಮದ ಕೆಂಪು, ಹೊಲಿಗೆಯ ದುಡಿಮೆ, ಸೂಜಿಯ ಚುಚ್ಚು ಇವೆಲ್ಲ ಇರುವಾಗ ಹೆಣ್ಣನ್ನು ಬೇರೆಯಾಗಿ ತೋರಿಸುವ ಅಗತ್ಯವೇನಿದೆ? ಒಂದೊಂದು ಎಳೆಯ ಬೆಲೆ ಬಲ್ಲ ರಬಕವಿಯ ನೇಕಾರರ ಮನೆಯವರಿಗೆ ಈ ಕೃತಿ ಪಂಡಿತರಿಗಿಂತ ಬೇಗ ತಿಳಿದೀತು.

ಇದೇ ಹಾದಿಯಲ್ಲಿ ನೆನೆಯಬೇಕಾದ ಇನ್ನೊಬ್ಬರು ಮೃಣಾಲಿನಿ ಮುಖರ್ಜಿ (1949-2015). ಅವರು ನಾರಿನ ಹಗ್ಗವನ್ನು ಗಂಟು ಹಾಕುತ್ತ ಹಾಕುತ್ತ ಆಳೆತ್ತರದ ಆಕೃತಿಗಳನ್ನು ಕಟ್ಟಿ ಅವಕ್ಕೆ ‘ಯಕ್ಷಿ’, ‘ದೇವಿ’, ‘ವನಶ್ರೀ’ ಎಂದು ಹೆಸರಿಟ್ಟರು. ಅವುಗಳಲ್ಲಿ ಹೂವಿನ ಪಕಳೆಯೂ ಕಾಣುತ್ತದೆ, ಹೆಣ್ಣಿನ ಮಡಿಲೂ ಕಾಣುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದವರು 2019ರಲ್ಲಿ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಸಿದರು. ಗಂಟು ಹಾಕುವುದು ಹೆಂಗಸರ ಮನೆಗೆಲಸ ಎಂದು ಕಡೆಗಣಿಸಿದ್ದ ಜಗತ್ತು ಅದನ್ನು ಶಿಲ್ಪವೆಂದು ಒಪ್ಪಿಕೊಂಡಿತು.

ಕೂಡದ ದುಂಡಿನ ಕಥೆ

ಈಗ ಬನಹಟ್ಟಿಯ ಹುಡುಗಿಯ ಹಾಳೆಗೆ ಮರಳೋಣ. ರೇಣುಕೆಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ದಿನವೂ ಹೊಳೆಯ ಉಸುಕಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳು. ಒಂದು ದಿನ ಜಲಕ್ರೀಡೆಯಾಡುತ್ತಿದ್ದವರನ್ನು ಕಂಡು ಮನಸ್ಸು ಒಂದು ಗಳಿಗೆ ಕದಲಿತು. ಉಸುಕು ಕೊಡವಾಗಲಿಲ್ಲ, ಹಾವು ಸಿಂಬಿಯಾಗಲಿಲ್ಲ. ಜಮದಗ್ನಿಯ ಕೋಪ, ಪರಶುರಾಮನ ಕೊಡಲಿ, ಮತ್ತೆ ವರ, ಮತ್ತೆ ಜೀವ. ಜನಪದರ ಕಥೆಗಳಲ್ಲಿ ಮಾತಂಗಿಯೂ ಇದರೊಳಗೆ ಬರುತ್ತಾಳೆ. ತಲೆ ಒಬ್ಬಳದು, ಮೈ ಇನ್ನೊಬ್ಬಳದು ಆಗುತ್ತದೆ.

ಈ ಕಥೆಯನ್ನು ಕ್ಯಾಲೆಂಡರಿನ ರೀತಿಯಲ್ಲಿ ಬರೆದರೆ ಕಾಣುವುದು ಸಿಟ್ಟಿನ ಋಷಿ, ಎತ್ತಿದ ಕೊಡಲಿ, ಬಾಗಿದ ಹೆಣ್ಣು. ತಪ್ಪು ಯಾರದೆಂದು ಚಿತ್ರವೇ ತೀರ್ಪು ಕೊಟ್ಟುಬಿಡುತ್ತದೆ. ಅದೇ ಹುಡುಗಿ ಬರೆದದ್ದನ್ನು ನೋಡಿ. ಕೂಡದೆ ಉಳಿದ ದುಂಡು ಗೆರೆ ಉಸುಕಿನ ಕೊಡ. ಕೆಳಗಿನ ಸುರುಳಿ ಹಾವಿನ ಸಿಂಬಿ. ನಡುವಿನ ಕೆಂಪು ಚುಕ್ಕೆ ಕುಂಕುಮವೂ ಹೌದು, ನೆತ್ತರೂ ಹೌದು. ಇಲ್ಲಿ ತೀರ್ಪಿಲ್ಲ. ಒಂದು ಗಳಿಗೆ ಮನಸ್ಸು ಕದಲಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎಂಬ ಪ್ರಶ್ನೆ ಮಾತ್ರ ಇದೆ. ಆ ಗೆರೆಯನ್ನು ಮನಸ್ಸಿನಲ್ಲೇ ಕೂಡಿಸುವ ಕೆಲಸವನ್ನು ಅವಳು ನೋಡುವವರಿಗೆ ಬಿಟ್ಟಿದ್ದಾಳೆ. ಪುರಾಣದ ಮರುಓದು ಎಂದರೆ ಇದೇ. ಇದರಲ್ಲಿ ದೇವಿಗೆ ಅಗೌರವವಿಲ್ಲ, ಅವಳ ನೋವಿಗೆ ಕಿವಿಗೊಡುವುದಿದೆ.

ಹೊರುವವಳು ಮತ್ತು ಬರೆಯುವವಳು

ಸಂಕೇತ ಎಂದರೆ ಬರೀ ಅಲಂಕಾರವೆಂದು ತಿಳಿಯಬಾರದು. ಅದರ ಭಾರ ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. ಯಲ್ಲಮ್ಮನ ಹೆಸರಿನಲ್ಲಿ ಕೆಂಪು-ಬಿಳಿ ಮಣಿಯ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಬಾಳು ಏನಾಯಿತೆಂಬುದನ್ನು ಹಿರಿಯರು ಬಲ್ಲರು. ಎಳೆಯ ವಯಸ್ಸಿನಲ್ಲಿ ಕೊರಳಿಗೆ ಬಿದ್ದ ಆ ಮಣಿಗಳ ಅರ್ಥವನ್ನು ಅವರು ಆರಿಸಿಕೊಂಡಿರಲಿಲ್ಲ, ಬೇರೆಯವರು ಅವರ ಮೇಲೆ ಬರೆದಿದ್ದರು. ಆ ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಸರಕಾರ 1982ರಲ್ಲಿ ಕಾನೂನು ಮಾಡಿತು. ಆದರೆ ಕಾನೂನು ಒಂದರಿಂದಲೇ ಸಂಕೇತಗಳ ಅರ್ಥ ಬದಲಾಗುವುದಿಲ್ಲ. ಅದು ಬದಲಾಗಬೇಕಾದರೆ ಅವನ್ನು ಹೊತ್ತವರೇ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಬೇಕು.

ಆದ್ದರಿಂದಲೇ ಒಬ್ಬ ಹುಡುಗಿ ಪೆನ್ಸಿಲು ಹಿಡಿದು ಕೊಡವನ್ನು, ಮಣಿಯನ್ನು, ಕುಂಕುಮವನ್ನು ತನ್ನ ಇಚ್ಛೆಯಂತೆ ಬರೆಯುವುದು ಸಣ್ಣ ಸಂಗತಿಯಲ್ಲ. ತಲತಲಾಂತರದಿಂದ ಕೊಡ ಹೊತ್ತವಳು ಇಂದು ಕೊಡ ಬರೆಯುತ್ತಿದ್ದಾಳೆ. ಹೊರುವಾಗ ಅದರ ಅರ್ಥ ಬೇರೆಯವರ ಕೈಯಲ್ಲಿತ್ತು. ಬರೆಯುವಾಗ ಅದು ಅವಳ ಕೈಯಲ್ಲಿದೆ.

ನಾಲ್ಕು ಊರು, ನಾಲ್ಕು ಗುರುತು

ಚಿತ್ರ ಬರೆಯುವ ವಿದ್ಯಾರ್ಥಿಗಳಿಗೆ ವಿಷಯದ ಬಡತನ ಇಲ್ಲಿಲ್ಲ. ಮುಧೋಳದವರಿಗೆ ರನ್ನನಿದ್ದಾನೆ. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ ತನ್ನ ‘ಗದಾಯುದ್ಧ’ದಲ್ಲಿ ಬಿಚ್ಚಿದ ಮುಡಿಯ ದ್ರೌಪದಿಯನ್ನು ಭೀಮನ ಮುಂದೆ ನಿಲ್ಲಿಸಿ ಅವನ ಪ್ರತಿಜ್ಞೆ ನೆನಪಿಸುವಂತೆ ಮಾಡುತ್ತಾನೆ. ಆ ಮುಡಿಯೇ ಒಂದು ಸಂಕೇತ. ಶೀಲಾ ಗೌಡ 2009ರ ವೆನಿಸ್ ಬಿಯೆನಾಲೆಯಲ್ಲಿ ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4,000 ಮೀಟರ್ ಹಗ್ಗವನ್ನು ಕಾರಿನ ಬಂಪರುಗಳ ಜೊತೆ ತೂಗುಬಿಟ್ಟಿದ್ದರು. ದೃಷ್ಟಿಯಾಗದಿರಲೆಂದು ವಾಹನಕ್ಕೆ ಕಟ್ಟುವ ಕೂದಲ ಹಗ್ಗ ಅದು. ಅದನ್ನು ಕಂಡು ಮುಧೋಳದ ವಿದ್ಯಾರ್ಥಿಗೆ ದ್ರೌಪದಿ ನೆನಪಾದರೆ ಯಾರು ಬೇಡವೆಂದಾರು?

ಜಮಖಂಡಿಯವರಿಗೆ ಎರೆಮಣ್ಣಿನ ಗುಳ್ಳವ್ವನಿದ್ದಾಳೆ. ಮಳೆಗೆ ಕರಗಿ ಮತ್ತೆ ಮಣ್ಣಾಗುವ ದೇವಿಯನ್ನು ಮಸಿಯಲ್ಲಿ, ಇದ್ದಿಲಿನಲ್ಲಿ ಹೇಗೆ ಬರೆಯಬಹುದು? ಬೀಳಗಿಯವರಿಗೆ ನೀರಿದೆ. ಕೃಷ್ಣೆಯನ್ನು ಹೆಣ್ಣೆಂದು ಕರೆದು ಉಡಿ ತುಂಬುವ ಜನ, ಅವಳ ಹಿನ್ನೀರಿನಲ್ಲಿ ಮುಳುಗಿದ ತಮ್ಮ ಹಳ್ಳಿಗಳನ್ನೂ ಕಂಡಿದ್ದಾರೆ. ಕೊಡುವವಳೂ ಅವಳೇ, ಕಸಿದವಳೂ ಅವಳೇ. ಅಡ್ಡಗೆರೆಗಳಲ್ಲೇ ಅದನ್ನು ಹೇಳಬಹುದು. ರಬಕವಿ-ಬನಹಟ್ಟಿಯವರಿಗೆ ನೂಲಿದೆ. ಲಾಳಿ ಅತ್ತಿಂದಿತ್ತ ಎಳೆಯುವ ಗೆರೆಯೇ ಅವರ ಮೊದಲ ಡ್ರಾಯಿಂಗ್ ಪಾಠ.

ತಂದೆ-ತಾಯಿಗಳಿಗೆ ಎರಡು ಮಾತು

ಮಗು ಇಂಥ ಚಿತ್ರ ತಂದಾಗ “ಇದೇನು?” ಎಂದು ಒಮ್ಮೆಲೇ ಕೇಳಬೇಡಿ. “ಈ ಗೆರೆ ಇಲ್ಲಿಗೇ ಯಾಕೆ ನಿಂತಿತು?” ಎಂದು ಕೇಳಿ ನೋಡಿ. ಮಗುವಿಗೆ ಉತ್ತರವಿದ್ದರೆ ಚಿತ್ರದಲ್ಲಿ ವಿಚಾರವಿದೆ ಎಂದರ್ಥ. ಉತ್ತರವಿಲ್ಲದಿದ್ದರೆ ಅವಸರದಲ್ಲಿ ಗೀಚಿದ್ದು ಎಂದು ಮಗುವಿಗೇ ತಿಳಿಯುತ್ತದೆ. ಅಮೂರ್ತ ಎಂದರೆ ಹೇಗೆ ಬೇಕಾದರೂ ಬರೆಯಬಹುದು ಎಂಬುದು ಸುಳ್ಳು. ಕೊಡವನ್ನು ಇದ್ದಂತೆ ಬರೆಯಲು ಬಂದವರಿಗೇ ಅದರ ಯಾವ ಗೆರೆ ಬಿಡಬಹುದೆಂದು ಗೊತ್ತಾಗುತ್ತದೆ. ಆದ್ದರಿಂದ ಶಾಲೆಯ ಚಿತ್ರಕಲಾ ಮಾಸ್ತರರು ಬರೆಯಿಸುವ ವಸ್ತುಚಿತ್ರವನ್ನೂ, ಲೋವರ್-ಹೈಯರ್ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳನ್ನೂ ಹಗುರವಾಗಿ ಎಣಿಸಬಾರದು. ಮುಂದೆ ಓದುವ ಮನಸ್ಸಿದ್ದರೆ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜುಗಳಲ್ಲಿ ಬಿ.ವಿ.ಎ. ಎಂಬ ದೃಶ್ಯಕಲಾ ಪದವಿಗೆ ಸೇರಬಹುದು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ರಜೆಯ ಒಂದು ದಿನ ರೊಟ್ಟಿ-ಬುತ್ತಿ ಕಟ್ಟಿಕೊಂಡು ಮಕ್ಕಳ ಜೊತೆ ಬಾದಾಮಿಗೆ ಹೋಗಿ. ಶುಕ್ರವಾರ ಬಿಟ್ಟು ಹೋಗಿ, ಅಂದು ಸಂಗ್ರಹಾಲಯಕ್ಕೆ ರಜೆ. ಗುಹೆಗಳನ್ನು ನೋಡಿ ಮುಗಿಸಿದ ಮೇಲೆ ಕೆರೆಯ ದಂಡೆ ಹಿಡಿದು ನಡೆದು ಆ ಕಮಲಮುಖಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮುಜುಗರವಾದರೆ ಆಗಲಿ, ಹುಟ್ಟಿನ ವಿಷಯ ಮಕ್ಕಳಿಗೆ ತಿಳಿಸಲು ಅದಕ್ಕಿಂತ ಗಂಭೀರವಾದ ಜಾಗ ಸಿಗಲಾರದು. ಸುಮಾರು 1,300 ವರ್ಷಗಳ ಹಿಂದೆ ಈ ನಾಡಿನ ಶಿಲ್ಪಿಯೊಬ್ಬ ದೇವಿಗೆ ಮುಖ ಬೇಡವೆಂದು ತೀರ್ಮಾನಿಸಿದ್ದ. ಆ ತೀರ್ಮಾನವನ್ನು ಪೂಜಿಸುತ್ತ ಬಂದವರು ನಮ್ಮ ಹಿರಿಯರೇ.

ಊರಿಗೆ ಮರಳಿದ ಮೇಲೆ ಬನಹಟ್ಟಿಯ ಆ ಅಪ್ಪ ಮಗಳ ಹಾಳೆಯನ್ನು ಮತ್ತೊಮ್ಮೆ ಕೈಗೆತ್ತಿಕೊಂಡಾನು. ಕೂಡದ ಗೆರೆಯ ಮೇಲೆ ಬೆರಳಾಡಿಸಿ, ಎಳೆ ತುಂಡಾದ ಜಾಗವನ್ನು ನೇಕಾರ ಹುಡುಕುವ ಹಾಗೆ ನೋಡಿ ಕೇಳಿಯಾನು:

“ಇಲ್ಲಿ ಯಾಕ ಬಿಟ್ಟಿ, ಅವಾ?”

ಇಷ್ಟು ಕೇಳಿದರೆ ಸಾಕು. ಮಗಳು ಹೇಳಲು ಶುರುಮಾಡುತ್ತಾಳೆ.